ಎಡಗಡೆಯ ಕವಲುಗಳು

ಜುಲೈ 7, ಸೋಮವಾರ

ಕೋಲಾರದ ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲಿ ಈ ನೋಟ್‌ಬುಕ್ ಕೊಂಡೆ. ಯಾರಿಗೂ ತೋರಿಸುವುದಕ್ಕಲ್ಲ. ಇವತ್ತು ಎರಡು ಸುದ್ದಿ ಒಟ್ಟಿಗೆ ಬಂದವು, ಎರಡನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡು ಕೂರಲಾರೆ.

ಮೊದಲನೆಯದು, ನಾನು ಚೆಕ್ಕರ್ ಆದೆ. ಕೆಲಸಕ್ಕೆ ಸೇರಿ ಇನ್ನೂ ಎಂಟು ತಿಂಗಳು. ಎರಡನೆಯದು, ನಮ್ಮ ಆಫೀಸಿನ ಹನ್ನೆರಡು ಜನರಲ್ಲಿ ಜನವರಿಯಿಂದ ಐದೇ ಜನ ಉಳಿಯುವುದು. ಮ್ಯಾನೇಜರ್ ಅಮರನಾಥ್ ಸರ್ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರು. "ಹೊರದೇಶದ ಲ್ಯಾಬಿನವ್ರು ಹೊಸ ಪ್ರೋಗ್ರಾಂ ಮಾಡಿದಾರೆ. ಏಳು ಜನರ ಕೆಲಸ ಅದೇ ಮಾಡ್ಬಿಡುತ್ತೆ. ಯಾರ ಮಾರ್ಕ್ಸ್ ಚೆನ್ನಾಗಿರುತ್ತೋ ಅವ್ರು ಇರ್ತಾರೆ. ನನ್ನ ಹತ್ರ ಬಂದು ಅತ್ರೆ ಏನೂ ಆಗಲ್ಲ."

ಊರಿನಲ್ಲಿ ಏನು ಕೆಲಸ ಎಂದು ಕೇಳಿದರೆ ಕಂಪ್ಯೂಟರ್ ಎಂದು ಹೇಳಿ ಸುಮ್ಮನಾಗುತ್ತೇನೆ. ನಿಜ ಹೇಳಿದರೆ ನಗುತ್ತಾರೆ. ಒಂದು ಇಲಿ. ಅದರ ಮಿದುಳಿನಲ್ಲಿ ಕಣ್ಣು ಕಂಡದ್ದನ್ನು ತಿಳಿದುಕೊಳ್ಳುವ ಜಾಗದಿಂದ ರಾಗಿಕಾಳಿನಷ್ಟು ತೆಗೆದು, ಸಾವಿರಾರು ಪದರಗಳಾಗಿ ಕೊಯ್ದು, ಒಂದೊಂದು ಪದರದ ಫೋಟೋ ಹಿಡಿದಿದ್ದಾರೆ. ಅವನ್ನು ಜೋಡಿಸಿ ಕಂಪ್ಯೂಟರು ಒಂದೊಂದು ನರಕೋಶಕ್ಕೆ ಒಂದೊಂದು ಬಣ್ಣ ಕೊಡುತ್ತದೆ. ನಡುವೆ ಒಂದು ಒಡಲು, ಅದರಿಂದ ಹೊರಟ ಕವಲುಗಳು. ಕಾಲೇಜಿನಲ್ಲಿ ಸೋಮಾ, ಡೆಂಡ್ರೈಟ್ ಎಂದು ಬಾಯಿಪಾಠ ಮಾಡಿದ್ದೆವು. ಇಲ್ಲಿ ಎಲ್ಲರೂ ಒಡಲು, ಕವಲು ಎಂದೇ ಹೇಳುವುದು. ಕಂಪ್ಯೂಟರಿನ ಲೆಕ್ಕ ಆಗಾಗ ತಪ್ಪುತ್ತದೆ. ಒಂದು ಕೋಶದ ಕವಲನ್ನು ಪಕ್ಕದ ಒಡಲಿಗೆ ಅಂಟಿಸುತ್ತದೆ, ಇಲ್ಲವೇ ಅರ್ಧಕ್ಕೇ ಕಡಿದುಬಿಡುತ್ತದೆ. ಯಾವ ಕವಲು ಯಾವ ಒಡಲಿನದು ಎಂದು ನೋಡಿ ಸರಿಮಾಡುವುದು ನಮ್ಮ ಕೆಲಸ. ಹಾಗೆ ತಿದ್ದಿದ್ದನ್ನು ಇನ್ನೊಮ್ಮೆ ನೋಡುವವಳು ಚೆಕ್ಕರ್. ತಪ್ಪು ನನ್ನ ಕಣ್ಣು ತಪ್ಪಿಸಿ ಹೋದರೆ ನನ್ನ ಮಾರ್ಕ್ಸೂ ಇಳಿಯುತ್ತದೆ.

ನಾನು ನೋಡಬೇಕಾದ ನಾಲ್ವರಲ್ಲಿ ಮುನಿಲಕ್ಷ್ಮಿ ಅಕ್ಕನೂ ಇದ್ದಾಳೆ. ನನಗೆ ಮುಖ ಎತ್ತಲಾಗಲಿಲ್ಲ. ಈ ಕೆಲಸ ಕಲಿಸಿದವಳೇ ಅವಳು. ಮೊದಲ ತಿಂಗಳು ನನ್ನ ತಪ್ಪುಗಳನ್ನೆಲ್ಲ ತನ್ನ ಊಟದ ಹೊತ್ತಿನಲ್ಲಿ ತಿದ್ದಿ, ಯಾರಿಗೂ ಹೇಳದೆ ಕಳಿಸುತ್ತಿದ್ದಳು. ಇರಲು ಜಾಗ ಸಿಗದಿದ್ದಾಗ ತನ್ನ ರೂಮಿಗೇ ಕರೆದುಕೊಂಡಳು. ಗಂಡ ಬಿಟ್ಟುಹೋಗಿ ಆರು ವರ್ಷವಾಯಿತು. ಮಗಳು ಚಂದನ ದೇವರಾಯಸಮುದ್ರದಲ್ಲಿ ಅಜ್ಜಿ ಭಾರತಮ್ಮನ ಹತ್ತಿರ ಇದ್ದು ಮೂರನೇ ಕ್ಲಾಸು ಓದುತ್ತಾಳೆ. ಅಕ್ಕ ದಿನವೂ ಸಂಜೆ ಫೋನಿನಲ್ಲೇ ಅವಳಿಗೆ ಮಗ್ಗಿ ಹೇಳಿಸುತ್ತಾಳೆ.

"ನಾಚ್ಕೆ ಯಾಕೇ ಗಂಗಾ?" ಎಂದಳು ಅಕ್ಕ. "ನಾನ್ ಕಲ್ಸಿದ ಹುಡ್ಗಿ ನನ್ನೇ ತಿದ್ದೋ ಹಾಗಾದ್ಲು ಅಂದ್ರೆ ನಂಗೇ ಹೆಮ್ಮೆ ಕಣೇ. ತಪ್ಪಿದ್ರೆ ಬೈಯಿ. ಬಿಡ್ಬೇಡ."

ಆ ಐವರಲ್ಲಿ ನಾವಿಬ್ಬರೂ ಇರಬೇಕು. ನಾನಂತೂ ಇರಲೇಬೇಕು. ಇಲ್ಲದಿದ್ದರೆ ನಮ್ಮೂರು ರಾಯಲ್ಪಾಡಿಗೆ ವಾಪಸ್ಸು, ಮದನಪಲ್ಲಿಯ ಅತ್ತೆಮಗನ ಜೊತೆ ಮದುವೆ. ಕೆಲಸ ಇರುವವರೆಗೆ ಮಾತ್ರ ಕೋಲಾರ ಎಂದು ಅಪ್ಪ ಹೇಳಿಯಾಗಿದೆ.

ಜುಲೈ 10, ಗುರುವಾರ

ಅಕ್ಕನ ಹತ್ತು ಕೋಶಗಳಲ್ಲಿ ನಾಲ್ಕು ತಪ್ಪು. ನಂಬಲಾಗಲಿಲ್ಲ. ಬೇರೆ ಯಾರದೋ ಫೈಲು ತೆರೆದೆನೇನೋ ಎಂದು ಹೆಸರು ಎರಡು ಸಲ ನೋಡಿದೆ. ಎಲ್ಲವನ್ನೂ ನಾನೇ ತಿದ್ದಿ, ಅವಳೇ ಸರಿಯಾಗಿ ಮಾಡಿದ ಹಾಗೆ ಕಳಿಸಿದೆ. ಮೊದಲ ತಿಂಗಳು ಅವಳು ನನಗೆ ಮಾಡಿದ್ದಷ್ಟೇ ಇದು. ಹೇಳಲಿಲ್ಲ. ಬೆಳಗ್ಗೆ ತಲೆನೋವೆಂದು ವಾಂತಿ ಮಾಡಿಕೊಂಡಿದ್ದಳು, ಪಾಪ. ಮಾತ್ರೆ ನುಂಗಿ ಬಂದು ಕೆಲಸ ಮಾಡಿದ್ದಾಳೆ.

ಜುಲೈ 25, ಶುಕ್ರವಾರ

ಹದಿನೈದು ದಿನದಿಂದ ನನ್ನ ಊಟದ ಹೊತ್ತೆಲ್ಲ ಅಕ್ಕನ ಫೈಲುಗಳಿಗೇ ಹೋಗುತ್ತಿದೆ. ಮಿಕ್ಕ ಮೂವರದು ಸೇರಿಸಿದರೂ ಅಷ್ಟು ತಪ್ಪಿಲ್ಲ. ನಿನ್ನೆ ಸುಮ್ಮನೆ ಒಂದು ಹಾಳೆಯಲ್ಲಿ ಗುರುತು ಹಾಕುತ್ತಾ ಹೋದೆ. ಮೂವತ್ತೊಂದು ತಪ್ಪುಗಳಲ್ಲಿ ಇಪ್ಪತ್ತೊಂಬತ್ತು ಪರದೆಯ ಎಡಭಾಗದಲ್ಲಿವೆ. ಬಲಗಡೆಯ ಕವಲುಗಳನ್ನು ಕೂದಲೆಳೆಯಷ್ಟೂ ಬಿಡದೆ ಹಿಡಿದಿದ್ದಾಳೆ. ಎಡಗಡೆ ಕವಲು ಅರ್ಧಕ್ಕೆ ತುಂಡಾಗಿದ್ದರೂ ಕೈಯೇ ಹಾಕಿಲ್ಲ.

ಇವತ್ತು ಆಫೀಸಿಗೆ ಬರುವಾಗ ಬಾಗಿಲಿನ ಎಡ ಚೌಕಟ್ಟಿಗೆ ಭುಜ ತಗಲಿಸಿಕೊಂಡಳು. "ಈ ಬಾಗ್ಲು ಯಾರ್ ಮಾಡಿದ್ರೋ," ಎಂದು ತಾನೇ ನಕ್ಕಳು.

ಆಗಸ್ಟ್ 2, ಶನಿವಾರ

ಬಲವಂತ ಮಾಡಿ ಅಕ್ಕನನ್ನು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವನು ಒಂದು ಕಣ್ಣು ಮುಚ್ಚಿಸಿ ಅಕ್ಷರ ಓದಿಸಿದ, ಮತ್ತೆ ಇನ್ನೊಂದು. ಕೊನೆಯ ಸಾಲಿನ ಚಿಕ್ಕ ಅಕ್ಷರದವರೆಗೂ ಓದಿದಳು. ಒಂದೆರಡು ಸಾಲಿನಲ್ಲಿ ಮೊದಲನೇ ಅಕ್ಷರ ಬಿಟ್ಟಳು. "ನಿಧಾನ ಅಮ್ಮ, ಬಸ್ಸೇನೂ ಹೋಗಲ್ಲ," ಎಂದ ಅವನು. ನಾನು ಹಿಂದೆಯೇ ನಿಂತಿದ್ದೆ. ಬಿಟ್ಟದ್ದೆಲ್ಲ ಎಡತುದಿಯದು.

ಕಣ್ಣು ಬಹಳ ಚೆನ್ನಾಗಿದೆ, ಕನ್ನಡಕವೇ ಬೇಡ ಎಂದು ಕಳಿಸಿದ.

ಬರುವಾಗ ಅಕ್ಕ ಖುಷಿಯಲ್ಲಿ ಮಸಾಲೆದೋಸೆ ಕೊಡಿಸಿದಳು. "ನೋಡ್ದ್ಯಾ? ಏಮೀ ಲೇದು, ಏನೂ ಇಲ್ಲ. ಸುಮ್ನೆ ಹೆದ್ರುಸ್ತೀಯ ನನ್ನ. ಆಫೀಸಲ್ಲಿ ಮಾತ್ರ ಯಾರ್ಗೂ ಹೇಳ್ಬೇಡ ಗಂಗಾ. ಕಾಯ್ಲೆ ಗೀಯ್ಲೆ ಅಂದ್ರೆ ಮೊದ್ಲು ನನ್ನೇ ಕಳ್ಸೋದು. ಚಂದನನ್ನ ಮುಂದಿನ್ ವರ್ಷ ಮುಳಬಾಗಿಲು ಸ್ಕೂಲಿಗೆ ಹಾಕ್ಬೇಕು ಅಂತಿದೀನಿ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ದೋಸೆಯ ತಟ್ಟೆಯಲ್ಲಿ ಎಡಗಡೆ ಇದ್ದ ಚಟ್ನಿಯನ್ನು ಅವಳು ಮುಟ್ಟಲೇ ಇಲ್ಲ.

ಆಗಸ್ಟ್ 14, ಗುರುವಾರ

ಲ್ಯಾಬಿನಿಂದ ಅರುಣ್‌ಕುಮಾರ್ ಎಂಬ ವಿಜ್ಞಾನಿ ವಿಡಿಯೋದಲ್ಲಿ ಬಂದು ನಮ್ಮೊಂದಿಗೆ ಒಂದು ಗಂಟೆ ಮಾತಾಡಿದರು. ಮಾಲೂರಿನವರಂತೆ. ಅಷ್ಟು ದೂರ ಕೂತು ನಮ್ಮ ಭಾಷೆಯಲ್ಲೇ ಮಾತಾಡಿದ್ದು ಎಲ್ಲರಿಗೂ ಹಿಡಿಸಿತು.

ನಾವು ಮಾಡುತ್ತಿರುವುದು ಯಾಕೆ ಎಂದು ಮೊದಲ ಸಲ ತಿಳಿಯಿತು. ಅವರು ಹೇಳಿದ್ದನ್ನು ಮರೆಯದ ಹಾಗೆ ಬರೆದಿಡುತ್ತೇನೆ. ಇಲಿಯ ಮುಂದೆ ಗೆರೆಗಳು ಓಡುವ ಪರದೆ ಇಟ್ಟಿದ್ದರಂತೆ. ಕಣ್ಣಿನ ಸುದ್ದಿ ಮೊದಲು ಬೀಳುವುದು ಕೋಶದ ಕವಲುಗಳ ಮೇಲೆ. ಒಂದು ಕವಲಿನಲ್ಲಿ ಒಂದು ಕಡೆ ನೆಟ್ಟಗಿನ ಗೆರೆಯ ಸುದ್ದಿ, ಅದರ ಪಕ್ಕದಲ್ಲೇ ಓರೆ ಗೆರೆಯದು. ಕವಲು ಎಂದರೆ ಬರೀ ತಂತಿಯಲ್ಲ, ಬಂದ ಸುದ್ದಿಯನ್ನು ತಾನೂ ತೂಗಿ ನೋಡುತ್ತದೆ. ಆಮೇಲೆ ಎಲ್ಲ ಒಡಲಿಗೆ ಬರುತ್ತದೆ. ಒಡಲು ಹೇಳುವುದು ಒಂದೇ ಮಾತು, ಸಿಡಿಯುವುದು ಇಲ್ಲವೇ ಸುಮ್ಮನಿರುವುದು. ಹಾಗೆ ಸಿಡಿದಾಗ ಆ ಸಿಡಿತ ಮುಂದಕ್ಕಷ್ಟೇ ಅಲ್ಲ, ಹಿಂದಕ್ಕೂ, ಕವಲುಗಳೊಳಕ್ಕೂ ಓಡುತ್ತದೆ. ಸರಿಯಾದ ಹೊತ್ತಿಗೆ ಸುದ್ದಿ ತಂದಿದ್ದ ಜಾಗ ಗಟ್ಟಿಯಾಗುತ್ತದೆ, ಹೊತ್ತು ತಪ್ಪಿದ್ದು ಸೊರಗುತ್ತದೆ. ಕವಲು ಒಡಲಿಗೆ ಹೇಳುವುದೆಷ್ಟು, ಒಡಲು ಕವಲಿಗೆ ಹೇಳುವುದೆಷ್ಟು ಎಂಬುದೇ ಅವರ ಪ್ರಶ್ನೆ. ಒಂದು ಕವಲು ತಪ್ಪು ಒಡಲಿಗೆ ಅಂಟಿದರೂ ಲೆಕ್ಕವೆಲ್ಲ ಸುಳ್ಳಾಗುತ್ತದಂತೆ.

ಅಕ್ಕ ಕೈ ಎತ್ತಿದಳು. "ಸರ್, ಆ ಇಲಿ ಈಗೆಲ್ಲಿದೆ?"

"ಗೆರೆ ತೋರಿಸೋದು ಮುಗಿದ್ಮೇಲೆ ಕೊಂದ್ವಿ ಅಮ್ಮ. ಈಗ ನಿಮ್ಮ ಸ್ಕ್ರೀನಲ್ಲಿದೆ."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ನಮ್ಮ ತಲೆಯಲ್ಲಿ ಆ ಜಾಗ ಎಲ್ಲಿರುತ್ತದೆ ಎಂದು ಕೇಳಿದಳು. ಅವರು ತಿರುಗಿ ತಮ್ಮ ಹಿಂದಲೆ ಮುಟ್ಟಿ ತೋರಿಸಿದರು. "ಎಡಗಡೆ ಕಾಣೋದೆಲ್ಲ ಬಲ ಹಿಂದಲೆಗೆ ಹೋಗುತ್ತೆ. ಅಲ್ಲಿ ಗಡ್ಡೆನೋ ಏಟೋ ಆದ್ರೆ ಎರಡು ಕಣ್ಣೂ ಚೆನ್ನಾಗಿದ್ರೂ ಎಡಗಡೆ ಕಾಣಲ್ಲ. ಕಾಣ್ತಾ ಇಲ್ಲ ಅನ್ನೋದೂ ಎಷ್ಟೋ ಜನಕ್ಕೆ ಗೊತ್ತಾಗಲ್ಲ."

ಅಕ್ಕ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಹಾಳೆಯ ಬಲ ಅರ್ಧದಲ್ಲಿ ಮಾತ್ರ ಬರೆದಿದ್ದಳು.

ಆಗಸ್ಟ್ 17, ಭಾನುವಾರ

ಖಚಿತವಿಲ್ಲದೆ ಏನೂ ಹೇಳಬಾರದು ಎಂದು ಇವತ್ತು ರೂಮಿನಲ್ಲಿ ನೋಡಿದೆ. ಅಕ್ಕನಿಗೆ ಗೊತ್ತಾಗದ ಹಾಗೆ ಐದು ಸಲ. ಬಾಚಣಿಗೆಯನ್ನು ಅವಳ ಎಡಕ್ಕೆ ಇಟ್ಟೆ, ರೂಮೆಲ್ಲ ಹುಡುಕಿದಳು. ಬಲಕ್ಕೆ ಇಟ್ಟೆ, ಕೂಡಲೇ ತೆಗೆದುಕೊಂಡಳು. ನೀರಿನ ಲೋಟ, ಹಾಗೇ. ಬಾಳೆಹಣ್ಣು, ಹಾಗೇ. ಮುದ್ದೆಯ ತಟ್ಟೆಯಲ್ಲಿ ಎಡಗಡೆ ಇದ್ದ ಪಲ್ಯ ಹಾಗೇ ಉಳಿಯಿತು. ತಟ್ಟೆ ತಿರುಗಿಸಿಟ್ಟೆ. "ಅಯ್ಯೋ, ಪಲ್ಯ ಈಗ ಹಾಕ್ದ್ಯಾ?" ಎಂದು ತಿಂದಳು. ಐದಕ್ಕೆ ಐದು. ಬಿ.ಎಸ್ಸಿ. ಓದಿದ್ದು ಇಷ್ಟಕ್ಕಾದರೂ ಬಂತು.

ನಾಳೆ ಹೇಳುತ್ತೇನೆ. ದೊಡ್ಡ ಆಸ್ಪತ್ರೆಗೆ ಹೋಗಿ ತಲೆಯ ಸ್ಕ್ಯಾನ್ ಮಾಡಿಸು ಎಂದು ಹೇಳಲೇಬೇಕು.

ಆಗಸ್ಟ್ 18, ಸೋಮವಾರ

ಹೇಳಲಿಲ್ಲ. ಕೆಲಸ ಜಾಸ್ತಿ ಇತ್ತು.

ಆಗಸ್ಟ್ 27, ಬುಧವಾರ. ಗಣೇಶನ ಹಬ್ಬ

ರಾಯಲ್ಪಾಡಿಗೆ ಬಂದಿದ್ದೇನೆ. ಮದನಪಲ್ಲಿಯವರು ಹಬ್ಬದ ನೆಪದಲ್ಲಿ ಬಂದು ಕೂತಿದ್ದರು. ಅತ್ತೆಮಗ ನನ್ನ ಮುಖ ನೋಡದೆ ಫೋನು ನೋಡುತ್ತಾ ಎರಡು ಗಂಟೆ ಕೂತಿದ್ದ. ಅತ್ತೆ ಮಾತ್ರ ನನ್ನ ಕೈಬೆರಳು ಹಿಡಿದು, "ಕಂಪ್ಯೂಟರ್ ಒತ್ತಿ ಒತ್ತಿ ಕೈ ಮೆತ್ತಗಾಗಿದೆ. ನಮ್ಮನೆಗೆ ಬಂದ್ಮೇಲೆ ಸರಿಹೋಗುತ್ತೆ ಬಿಡು," ಎಂದಳು. ಹಿತ್ತಲಿನಲ್ಲಿ ಆರು ಸೀಮೆಹಸು ಇವೆಯಂತೆ.

ಅಪ್ಪನನ್ನು ಪಕ್ಕಕ್ಕೆ ಕರೆದು ಕೇಳಿದೆ. "ಕೆಲಸ ಗಟ್ಟಿಯಾದ್ರೆ?"

"ಗಟ್ಟಿ ಆದ್ರೆ ನೋಡೋಣ. ಜನವರಿಗೆ ಗೊತ್ತಾಗುತ್ತೆ ಅಂದ್ಯಲ್ಲ, ಅಲ್ಲೀವರ್ಗೂ ಅವ್ರನ್ನ ಕಾಯಿಸ್ತೀನಿ."

ಐದು ಜನ. ಎಣಿಸಿ ನೋಡಿದೆ. ನಾಲ್ಕು ಹೆಸರು ಯಾರು ನೋಡಿದರೂ ಹೇಳಬಹುದು. ಐದನೆಯದು ಮುನಿಲಕ್ಷ್ಮಿ ಅಕ್ಕ, ಇಲ್ಲವೇ ನಾನು. ಅವಳು ನಾಲ್ಕು ವರ್ಷ ಹಳಬಳು. ಅವಳ ಮಾರ್ಕ್ಸು ಈಗಲೂ ತೊಂಬತ್ತೇಳು ಇದೆ. ಯಾಕೆ ಇದೆ ಎಂದರೆ ನಾನು ತಿದ್ದಿ ಕಳಿಸುತ್ತಿರುವುದರಿಂದ. ಅವಳ ತಪ್ಪು ತಿದ್ದುತ್ತಾ ಕೂತು ನನ್ನದು ತೊಂಬತ್ತನಾಲ್ಕಕ್ಕೆ ಇಳಿದಿದೆ.

ಸೆಪ್ಟೆಂಬರ್ 9, ಮಂಗಳವಾರ

ಇವತ್ತು ಅಕ್ಕನೇ ಕೇಳಿದಳು. ಸಂಜೆ ಬಟ್ಟೆ ಮಡಿಸುತ್ತಾ ಇದ್ದವಳು ಕೈ ನಿಲ್ಲಿಸಿ, "ಗಂಗಾ, ಅವತ್ತು ಅರುಣ್‌ಕುಮಾರ್ ಸರ್ ಹೇಳಿದ್ರಲ್ಲ, ಒಂದ್ ಕಡೆ ಕಾಣ್ದೇ ಇರೋದು. ನಂಗೇನಾದ್ರೂ ಹಂಗಿದೆಯಾ? ಎಡಗೈ ಎಲ್ಲಾದ್ರಲ್ಲೂ ತಗುಲ್ತಾ ಇರುತ್ತೆ. ಬೆಳಗೆದ್ರೆ ತಲೆನೋವು. ಒಂದ್ಸಲ ಸ್ಕ್ಯಾನ್ ಮಾಡಿಸ್ಲಾ?"

ಡಿಸೆಂಬರಿನವರೆಗೆ ತಡೆದರೆ ಏನಾಗುತ್ತದೆ? ನಾನು ಡಾಕ್ಟರಲ್ಲ. ಬರೀ ನಿದ್ದೆಗೇಡು ಇರಬಹುದು. ಸ್ಕ್ಯಾನಿನಲ್ಲಿ ಏನಾದರೂ ಬಂದರೆ ಇಷ್ಟು ದಿನ ಅವಳ ಫೈಲು ಯಾರು ತಿದ್ದಿದರು ಎಂದು ಅಮರನಾಥ್ ಸರ್ ಕೇಳುತ್ತಾರೆ. ಸುಳ್ಳು ಮಾರ್ಕ್ಸು ಕೊಟ್ಟವಳು ನಾನು. ಮೊದಲು ಹೋಗುವುದು ನಾನೇ.

"ಕಣ್ಣಂಗಡಿಯೋನು ಚೆನ್ನಾಗಿದೆ ಅಂದ್ನಲ್ಲಕ್ಕ. ಸುಮ್ನೆ ಭಯ ಬೀಳ್ಬೇಡ," ಎಂದೆ.

"ನೀನೇ ಒಂದ್ಸಲ ನೋಡೇ. ನೀನು ಸೈನ್ಸ್ ಓದಿರೋಳು."

ಎದುರಿಗೆ ಕೂರಿಸಿಕೊಂಡು ನನ್ನ ಮೂಗನ್ನೇ ನೋಡು ಎಂದೆ. ಬೆರಳು ತೋರಿಸಿದೆ. ಎಷ್ಟು? ಎರಡು. ಈಗ? ಮೂರು. ಈಗ? ಒಂದು. ಎಂಟು ಸಲ ತೋರಿಸಿದೆ. ಎಂಟೂ ಸಲ ಅವಳ ಬಲಕ್ಕೇ ತೋರಿಸಿದೆ.

"ಎಲ್ಲ ಸರಿಯಾಗಿ ಹೇಳ್ದೆ," ಎಂದೆ.

ಅಕ್ಕ ಉಸಿರುಬಿಟ್ಟು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಹಣೆ ತಾಗಿಸಿದಳು. ಆಮೇಲೆ ಭಾರತಮ್ಮನಿಗೆ ಫೋನ್ ಮಾಡಿ, "ಏಮೀ ಲೇದಮ್ಮ, ಗಂಗಾ ಚೆಕ್ ಮಾಡಿದ್ಲು," ಎಂದು ತುಂಬ ಹೊತ್ತು ನಗುನಗುತ್ತಾ ಮಾತಾಡಿದಳು.

ಅವಳ ಮನಸ್ಸಿಗೆ ನೆಮ್ಮದಿಯಾಯಿತು. ಅದೂ ಮುಖ್ಯ ತಾನೇ.

ಸೆಪ್ಟೆಂಬರ್ 22, ಸೋಮವಾರ

ಇವತ್ತಿನಿಂದ ಅಕ್ಕನ ತಪ್ಪು ನಾನು ತಿದ್ದುವುದಿಲ್ಲ. ತಪ್ಪನ್ನು ತಪ್ಪು ಎಂದು ಗುರುತು ಹಾಕುವುದೇ ಚೆಕ್ಕರ್ ಕೆಲಸ. ಇಷ್ಟು ದಿನ ಮಾಡಿದ್ದೇ ಮೋಸ.

ಇನ್ನೊಂದು. ಯಾರಿಗೆ ಯಾವ ಕೋಶ ಹಂಚಬೇಕು ಎಂಬುದೂ ಈಗ ನನ್ನ ಕೈಯಲ್ಲಿದೆ. ಕೆಲವು ಕೋಶಗಳ ಕವಲು ಸುತ್ತಲೂ ಹರಡಿರುತ್ತವೆ, ಕೆಲವು ತೆರೆದ ಕೂಡಲೇ ಪೂರಾ ಎಡಕ್ಕೇ ಚಾಚಿಕೊಂಡಿರುತ್ತವೆ. ಆ ಎಡಗಡೆಯವನ್ನೆಲ್ಲ ಆರಿಸಿ ಮುನಿಲಕ್ಷ್ಮಿ ಅಕ್ಕನ ಹೆಸರಿಗೆ ಹಾಕಿದೆ. ಚಿತ್ರ ತಿರುಗಿಸಿ ನೋಡಲು ಪುರುಸೊತ್ತು ಸಿಗದ ಹಾಗೆ ದಿನಕ್ಕೆ ಹದಿನೆಂಟು. ಎಲ್ಲರಿಗೂ ಸಿಗುವಂಥ ಕೋಶಗಳೇ. ಯಾರೂ ಮಾಡಲಾಗದ್ದನ್ನೇನೂ ಕೊಟ್ಟಿಲ್ಲ.

ಸೆಪ್ಟೆಂಬರ್ 23

ಹದಿನೆಂಟರಲ್ಲಿ ಹದಿನೈದು ತಪ್ಪು.

ಸೆಪ್ಟೆಂಬರ್ 24

ಹದಿನಾರು.

ಸೆಪ್ಟೆಂಬರ್ 28, ಭಾನುವಾರ

ಸಾರಿನ ಪಾತ್ರೆಗೆ ಕೈ ತಗಲಿ ಸುಟ್ಟುಕೊಂಡಳು. ಅಂಗೈಯೆಲ್ಲ ಬೊಬ್ಬೆ. ಅವಳ ಎಡಕ್ಕೆ ಇಟ್ಟವಳು ನಾನೇ. ಬೇರೆ ಕಡೆ ಜಾಗ ಇರಲಿಲ್ಲ. ಮುಲಾಮು ಹಚ್ಚಿದೆ. "ನೀನಿಲ್ದೇ ಇದ್ದಿದ್ರೆ ಏನ್ ಗತಿನೋ," ಎಂದಳು. ಇಂಥ ಮಾತು ಕೇಳಿದರೆ ಈಗೀಗ ಸಿಟ್ಟು ಬರುತ್ತದೆ. ಯಾರಿಗೂ ಮೂರು ಹೊತ್ತೂ ಇನ್ನೊಬ್ಬರನ್ನು ನೋಡಿಕೊಂಡು ಕೂರಲಾಗುವುದಿಲ್ಲ.

ಅಕ್ಟೋಬರ್ 6, ಸೋಮವಾರ

ಅಮರನಾಥ್ ಸರ್ ಮುನಿಲಕ್ಷ್ಮಿಯನ್ನು ಎಲ್ಲರ ಮುಂದೆಯೇ ನಿಲ್ಲಿಸಿ ಕೇಳಿದರು. ಅವರ ಮೇಜಿನ ಮೇಲೆ ಅವಳ ಫೈಲು ತೆರೆದಿತ್ತು.

"ಇದೇನಮ್ಮ? ನಾಲ್ಕು ವರ್ಷದ ಅನುಭವ ಇರೋರು ಮಾಡೋ ಕೆಲ್ಸನಾ ಇದು? ಈ ಕವಲು ನೋಡಿ. ಅರ್ಧಕ್ಕೇ ನಿಂತಿದೆ. ಕಾಣಿಸ್ತಾ ಇದೆಯಾ ಇಲ್ವಾ?"

ಮುನಿಲಕ್ಷ್ಮಿ ಪರದೆಯನ್ನೇ ನೋಡಿದಳು. "ಯಾವ ಕವಲು ಸರ್?"

ಹಿಂದೆ ಯಾರೋ ಕಿಸಕ್ಕೆಂದರು. ಸರ್ ಮುಖ ಕೆಂಪಾಯಿತು. "ನನ್ನ ಹತ್ರ ತಮಾಷೆ ಮಾಡ್ತೀರಾ?"

ಅವಳು ತಿರುಗಿ ನನ್ನನ್ನು ಹುಡುಕಿದಳು. ನಾನು ಅವಳ ಎಡಕ್ಕಿದ್ದೆ. ಪೂರಾ ತಲೆ ತಿರುಗಿಸಿದ ಮೇಲೆಯೇ ಸಿಕ್ಕಿದ್ದು. "ಗಂಗಾ, ನೀನಾದ್ರೂ ಹೇಳೇ. ನಾನು ಸರಿಯಾಗೇ ಮಾಡ್ತಿದ್ದೆ ಅಲ್ವಾ? ನೀನೇ ಪಾಸ್ ಮಾಡ್ತಿದ್ದೆ."

"ಮೊದ್ಲು ಸರಿಯಾಗಿತ್ತು ಸರ್," ಎಂದೆ. "ಈಗ ಗಮನ ಕಡಿಮೆ ಆಗಿದೆ. ಫೋನು ಜಾಸ್ತಿ. ನಾನು ರೂಮಲ್ಲೂ ಹೇಳಿ ನೋಡ್ದೆ."

ಎಲ್ಲಿಂದ ಬಂತೋ ಆ ಫೋನಿನ ಮಾತು. ಆದರೆ ಪೂರ್ತಿ ಸುಳ್ಳಲ್ಲ. ದಿನವೂ ಅರ್ಧ ಗಂಟೆ ಮಗಳಿಗೆ ಮಗ್ಗಿ ಹೇಳಿಸುತ್ತಾಳೆ.

ಡಿಸೆಂಬರಿನವರೆಗೂ ಕಾಯುವುದು ಬೇಡ, ದೀಪಾವಳಿಗೆ ಮುಂಚೆ ಬಿಡುಗಡೆ ಎಂದರು ಸರ್. ಅವಳು "ಆಯ್ತು ಸರ್," ಎಂದು ಬಂದು ತನ್ನ ಜಾಗದಲ್ಲಿ ಕೂತು, ಉಳಿದ ಕೋಶಗಳನ್ನು ಸಂಜೆಯವರೆಗೂ ಮಾಡಿದಳು. ಎಲ್ಲ ತಪ್ಪು.

ಅಕ್ಟೋಬರ್ 17, ಶುಕ್ರವಾರ

ಮುನಿಲಕ್ಷ್ಮಿ ಊರಿಗೆ ಹೋದಳು. ಒಂದು ಬ್ಯಾಗು, ಚಂದನಳಿಗೆಂದು ಕೊಂಡ ಪಟಾಕಿಯ ಕವರು. ಮಿಕ್ಕ ಸಾಮಾನು ಆಮೇಲೆ ಒಯ್ಯುತ್ತಾಳಂತೆ. ಹತ್ತು ದಿನದಲ್ಲಿ ನನ್ನನ್ನು ಒಂದೇ ಒಂದು ಮಾತೂ ಕೇಳಿರಲಿಲ್ಲ. ಹೊರಡುವಾಗ ಮಾತ್ರ ಬಾಗಿಲಲ್ಲಿ ನಿಂತು ಹೇಳಿದಳು. "ನಿಂಗೂ ಭಯ ಇತ್ತು ಅಂತ ಗೊತ್ತು ಕಣೇ. ಮನೇಲಿ ಮದ್ವೆ ಅಂತ ಕೂತಿದಾರೆ. ನಾನ್ ನಿನ್ ಜಾಗದಲ್ಲಿದ್ರೂ ಹಂಗೇ ಅಂತಿದ್ನೋ ಏನೋ."

ಅವಳು ಹಾಗೆ ಅನ್ನುತ್ತಿರಲಿಲ್ಲ. ಇಬ್ಬರಿಗೂ ಗೊತ್ತು.

ಬಸ್ ಸ್ಟ್ಯಾಂಡಿನವರೆಗೆ ಹೋಗೋಣವೆಂದಿದ್ದೆ. ಆಫೀಸಿಗೆ ಹೊತ್ತಾಗಿತ್ತು. ರೂಮು ಈಗ ದೊಡ್ಡದಾಗಿ ಕಾಣುತ್ತದೆ.

ನವೆಂಬರ್ 4, ಮಂಗಳವಾರ

ಭಾರತಮ್ಮ ಫೋನ್ ಮಾಡಿದ್ದರು. ಊರಿನ ಹತ್ತಿರ ಹೆದ್ದಾರಿ ದಾಟುವಾಗ ಮುನಿಲಕ್ಷ್ಮಿಗೆ ಬೈಕ್ ಗುದ್ದಿದೆ. ಎಡಗಡೆಯಿಂದ ಬಂದದ್ದು. ಬೈಕಿನವನು ಹಾರ್ನ್ ಹೊಡೆದಿದ್ದನಂತೆ, ಇವಳು ಎತ್ತಲಿಂದ ಎಂದು ಬಲಕ್ಕೆ ತಿರುಗಿ ನೋಡುತ್ತಾ ನಿಂತಳಂತೆ. ಕಾಲಿನ ಮೂಳೆ ಮುರಿದಿದೆ. ತಲೆಗೆ ಪೆಟ್ಟಾಗಿರಬಹುದೆಂದು ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರೆ ಪೆಟ್ಟಿಲ್ಲ, ಗಡ್ಡೆ ಇದೆ. ನಿಂಬೆಹಣ್ಣಿನಷ್ಟು. ಬಲಗಡೆ, ಹಿಂದಲೆಯಲ್ಲಿ. ಬೆಂಗಳೂರಿಗೆ ಕರೆದೊಯ್ಯುತ್ತಿದ್ದಾರೆ.

ನಾನು ಊಹಿಸಿದ ಜಾಗವೇ. ಒಂದು ಕ್ಷಣ, ಒಂದೇ ಒಂದು ಕ್ಷಣ, ಪರೀಕ್ಷೆಯಲ್ಲಿ ಉತ್ತರ ಸರಿಯಾದಾಗ ಆಗುವ ಹಾಗೆ ಆಯಿತು. ಆಮೇಲೆ ಅಳು ಬಂತು.

ನವೆಂಬರ್ 5

ಇವತ್ತಿನ ಮಾರ್ಕ್ಸು 98.2.

ನವೆಂಬರ್ 19, ಬುಧವಾರ

ಭಾರತಮ್ಮ ಮುನಿಲಕ್ಷ್ಮಿಯ ಸಾಮಾನು ಒಯ್ಯಲು ಬಂದಿದ್ದರು. ಮುದುಕಿ ಬಸ್ಸಿಳಿದು ನಡೆದೇ ಬಂದಿದ್ದರು. ಉಪ್ಸಾರು, ಮುದ್ದೆ ಬಡಿಸಿದೆ. ಎರಡು ತುತ್ತು ತಿಂದು ಕೈ ನಿಲ್ಲಿಸಿದರು.

"ಗಡ್ಡೆ ತೆಗೆದ್ರಮ್ಮ. ಜೀವ ಉಳೀತು. ಎಡಗಡೆ ದೃಷ್ಟಿ ಮಾತ್ರ ಹೋಯ್ತು. ಇನ್ ಬರಲ್ವಂತೆ. ಎಡಗೈಲಿ ಹಿಡಿದಿದ್ದು ಬಿದ್ದೋಗುತ್ತೆ. ಆ ಕಂಪ್ಯೂಟ್ರು ಕೆಲ್ಸ ಮಾತ್ರ ಮಾಡೋಕಾಗಲ್ಲ ಅಂದ್ರು."

ನಾನು ಅವರ ಲೋಟಕ್ಕೆ ನೀರು ಹಾಕಿದೆ.

"ಆಗಸ್ಟ್ ತಿಂಗಳಲ್ಲೇ ತಂದಿದ್ರೆ ದೃಷ್ಟಿ ಉಳೀತಿತ್ತು ಅಂದ್ರು ಡಾಕ್ಟ್ರಮ್ಮ. ಜೊತೇಲಿರೋರು ಯಾರೂ ನೋಡ್ಲಿಲ್ವಾ ಅಂತ ನನ್ನ ಬೈದ್ರು. ಯಾವಾಗ ಶುರುವಾಯ್ತು, ಯಾವತ್ತಿಂದ ವಾಂತಿ, ಎಲ್ಲ ಬರ್ಕೊಂಡು ಬಾ ಅಂದಿದಾರೆ. ಇನ್ನೂ ಏನೋ ಔಷಧಿ ಕೊಡೋದಿದ್ಯಂತೆ, ಅದಕ್ಕೆ ಬೇಕಂತೆ. ಅವ್ಳನ್ನ ಕೇಳಿದ್ರೆ ನೆನಪಿಲ್ಲ ಅಂತಾಳೆ. ನೀನು ದಿನಾ ಜೊತೇಲಿದ್ದೋಳು ತಾಯೀ. ನೀನೇನಾದ್ರೂ ಕಂಡಿದ್ಯಾ?"

"ಇಲ್ಲಮ್ಮ," ಎಂದೆ. "ಚೆನ್ನಾಗೇ ಇದ್ಲು."

"ಹೌದ್ಲೇ, ನೀನ್ ಕಂಡಿದ್ರೆ ಬಿಡ್ತಿದ್ಯಾ? ಕಣ್ಣಂಗಡಿಗೆ ಕರ್ಕೊಂಡೋದೋಳೇ ನೀನು." ನನ್ನ ಗಲ್ಲ ಹಿಡಿದು ಬೆರಳಿಗೆ ಮುತ್ತಿಟ್ಟುಕೊಂಡರು. "ಚಲ್ಲಗ ಉಂಡಮ್ಮ. ತಂಪಾಗಿರು. ನಿನ್ನಂತೋಳು ಜೊತೇಲಿದ್ದಿದ್ಕೆ ನಾಲ್ಕು ದಿನ ನಗ್ತಾ ಇದ್ಲು ನನ್ ಮಗ್ಳು."

ಕೈಚೀಲಕ್ಕೆ ಅವಳ ಬಟ್ಟೆ ಮಡಿಸಿ ಹಾಕಿಕೊಟ್ಟೆ. ಆಟೋ ಹತ್ತಿಸಿದೆ. ದಿನಾಂಕಗಳನ್ನು ಹೇಳಿದ್ದರೆ ಹೇಗೆ ಗೊತ್ತು ಎಂದು ಕೇಳುತ್ತಿದ್ದರು. ಡಾಕ್ಟರುಗಳಿಗೆ ಸ್ಕ್ಯಾನ್ ನೋಡಿದರೆ ತಿಳಿಯುತ್ತದೆ, ಇದೆಲ್ಲ ಬೇಕಾಗುವುದಿಲ್ಲ.

ಡಿಸೆಂಬರ್ 22, ಸೋಮವಾರ

ಪಟ್ಟಿ ಹಾಕಿದರು. ಮೂರನೇ ಹೆಸರು ನನ್ನದು. ಐದನೆಯದಲ್ಲ, ಮೂರನೆಯದು!

ಅಪ್ಪನಿಗೆ ಫೋನ್ ಮಾಡಿದೆ. ಮದನಪಲ್ಲಿಯವರಿಗೆ ಏನು ಹೇಳುವುದು ಎಂದು ಸ್ವಲ್ಪ ಗೊಣಗಿದರು, ಆಮೇಲೆ ಸರಿ ಎಂದರು. ಅಮ್ಮ ಅತ್ತಳು, ಸಂತೋಷಕ್ಕೋ ದುಃಖಕ್ಕೋ ಗೊತ್ತಾಗಲಿಲ್ಲ. ಈಗ ಹೋಗುವ ಆರು ಜನರಲ್ಲಿ ಇಬ್ಬರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಕೆಲಸ ಸರಿಯಾಗಿ ಮಾಡದೆ ನನ್ನ ಮೇಲೆ ಸಿಟ್ಟು ಮಾಡಿದರೆ ಏನು ಪ್ರಯೋಜನ? ಕವಲು ಯಾವುದು, ಒಡಲು ಯಾವುದು ಎಂದು ನೋಡಿ ಮಾಡಿದ್ದರೆ ಅವರೂ ಉಳಿಯುತ್ತಿದ್ದರು.

ಅಮರನಾಥ್ ಸರ್ ಒಂದು ಲಕೋಟೆ ಕೊಟ್ಟರು. ಮುನಿಲಕ್ಷ್ಮಿಯ ಅನುಭವಪತ್ರ. "ನೀವು ಅವ್ರ ಕಡೆಯೋರಲ್ವಾ, ಕೊಟ್ಬನ್ನಿ," ಎಂದರು. ಅಂಚೆಗೆ ಹಾಕಬಹುದಿತ್ತು. ಆದರೆ ಎಲ್ಲರ ಮುಂದೆ ಹೇಳಿದರು.

ಡಿಸೆಂಬರ್ 28, ಭಾನುವಾರ

ದೇವರಾಯಸಮುದ್ರಕ್ಕೆ ಹೋಗಿಬಂದೆ. ಮುಳಬಾಗಿಲಿನಲ್ಲಿ ಇಳಿದು ಒಂದು ಕೆಜಿ ಕಿತ್ತಲೆ ಕೊಂಡು ಇನ್ನೊಂದು ಬಸ್ಸು ಹಿಡಿದೆ. ಏನು ಮಾತಾಡಬೇಕು ಎಂದು ದಾರಿಯುದ್ದಕ್ಕೂ ಸರಿಮಾಡಿಕೊಂಡಿದ್ದೆ. ಹೇಗಿದ್ದೀಯ, ಊಟ ಸೇರುತ್ತಾ, ನಾನು ಉಳಿದೆ, ನಿನ್ನ ಆಶೀರ್ವಾದ.

ಮನೆ ಕೇಳಿಕೊಂಡು ಓಣಿಯ ತುದಿಗೆ ಹೋದೆ. ಮುನಿಲಕ್ಷ್ಮಿ ಜಗುಲಿಯ ಮೇಲೆ ಬಿಸಿಲಿಗೆ ಕೂತಿದ್ದಳು. ತಲೆಗೆ ಬಟ್ಟೆ ಕಟ್ಟಿತ್ತು, ಕೂದಲು ಬೋಳಿಸಿದ್ದಾರೆ. ಮುಖ ಊದಿತ್ತು. ಮುರಿದ ಕಾಲು ಮುಂದಕ್ಕೆ ಚಾಚಿದ್ದಳು. ಅವಳ ಬಲಗಡೆ, ಸ್ವಲ್ಪ ಕೆಳಗೆ, ಚಂದನ ಕೂತು ಬರೆಯುತ್ತಿದ್ದಳು. ನಾನು ಫೋಟೋದಲ್ಲಿ ನೋಡಿದ್ದಕ್ಕಿಂತ ಎತ್ತರವಾಗಿದ್ದಾಳೆ. ಭಾರತಮ್ಮ ಕಾಣಲಿಲ್ಲ.

ಓಣಿ ಇರುವುದು ಅವಳ ಎಡಕ್ಕೆ. ನಾನು ಬಂದದ್ದು ಮುನಿಲಕ್ಷ್ಮಿಗೆ ಕಾಣಲಿಲ್ಲ. ನಾಲ್ಕು ಹೆಜ್ಜೆ ದೂರದಲ್ಲಿ ನಿಂತೆ. ಆಗಲೂ ಕಾಣಲಿಲ್ಲ. ಅಕ್ಕಾ ಎಂದು ಕರೆಯಬೇಕು, ಅಷ್ಟೇ.

"ಹದಿಮೂರ್ ಏಳ್ಲಿ?" ಎಂದಳು ಮುನಿಲಕ್ಷ್ಮಿ ಮಗಳಿಗೆ.

"ತೊಂಬತ್ತೊಂದು."

"ಹದಿಮೂರ್ ಎಂಟ್ಲಿ? ಬೇಗ ಹೇಳೇ. ಗಂಗಕ್ಕ ಬಂದಾಗ ತಡವರಿಸಿದ್ರೆ ನಗ್ತಾಳೆ ನೋಡು. ಅವ್ಳು ಲೆಕ್ಕದಲ್ಲಿ ಭಾರಿ ಚುರುಕು."

ಚಂದನ ತಲೆ ಎತ್ತಿದಳು. ನನ್ನನ್ನು ಕಂಡಳು. ಬಾಯಿ ತೆರೆಯುವ ಮೊದಲೇ ನಾನು ತುಟಿಯ ಮೇಲೆ ಬೆರಳಿಟ್ಟೆ.

ಆಟ ಎಂದುಕೊಂಡಿತು ಮಗು. ಅಮ್ಮನನ್ನು ಬೆಚ್ಚಿಬೀಳಿಸುವ ಆಟ. ಕಣ್ಣು ಅಗಲ ಮಾಡಿ, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು, ನಗು ತಡೆಯುತ್ತಾ ಕೂತಿತು.

ಕಿತ್ತಲೆಯ ಕವರನ್ನೂ ಲಕೋಟೆಯನ್ನೂ ಜಗುಲಿಯ ಎಡತುದಿಗೆ ಮೆಲ್ಲಗೆ ಇಟ್ಟೆ. ಅವಳ ಮೊಣಕೈಗೆ ಒಂದು ಗೇಣೂ ದೂರವಿಲ್ಲ. ಅವಳು ಮಗಳ ಕಡೆಗೇ ನೋಡುತ್ತಿದ್ದಳು. "ಯಾಕೇ ನಗ್ತಿದೀಯ? ಹದಿಮೂರ್ ಎಂಟ್ಲಿ ಎಷ್ಟು?"

ಆರೋಗ್ಯ ಸರಿಯಿಲ್ಲದವರಿಗೆ ಸುಮ್ಮನೆ ತೊಂದರೆ ಕೊಡಬಾರದು ಎಂದು ವಾಪಸ್ಸು ಹೊರಟೆ. ಓಣಿಯ ತಿರುವಿನಲ್ಲಿ ಒಂದು ಸಲ ಹಿಂದೆ ನೋಡಿದೆ. ಆ ಮಗು ಇನ್ನೂ ಬಾಯಿ ಮುಚ್ಚಿಕೊಂಡೇ, ನಾನು ಯಾವಾಗ ಓಡಿಬಂದು ಕೂಗುತ್ತೇನೋ ಎಂದು ನನ್ನನ್ನೇ ನೋಡುತ್ತಾ ಕಾಯುತ್ತಿತ್ತು.

ಮುಳಬಾಗಿಲಿನಲ್ಲಿ ಮೂರೂವರೆಯ ಬಸ್ಸು ಸಿಕ್ಕಿತು. ಕಿಟಕಿಯ ಪಕ್ಕದ ಸೀಟು.